ನಾಲ್ಕು ಮೈಲಿ ಓಡಿದ ಇಂಜಿನ್

ಮೈಟೆ ಉರ್ಕಿಡಿ ತನ್ನ ಹಳೇ ಪಿಕಪ್ಪನ್ನು ನನ್ನ ಅಡುಗೆಮನೆಯ ಕಿಟಕಿಗೇ ತಾಗಿಸಿದ ಹಾಗೆ ನಿಲ್ಲಿಸಿದಳು. ಅದರ ಹಿಂಬದಿಯಿಂದ ಎದ್ದ ನೀಲಿ ಹೊಗೆ ಒಳಗೆ ನುಗ್ಗಿ ನನ್ನ ಬೆಳ್ಳುಳ್ಳಿ ಸೂಪಿನ ಘಮವನ್ನೇ ಮುಚ್ಚಿಹಾಕಿತು. ಅಪ್ಪನನ್ನು ಮಣ್ಣು ಮಾಡಿ ಎರಡು ದಿನವೂ ಕಳೆಯದ ಹೆಂಗಸನ್ನು ಹೊಗೆಗಾಗಿ ಬೈಯಲಾಗುತ್ತದೆಯೇ? ಬಾಯಿಗೆ ಬಂದದ್ದನ್ನು ನುಂಗಿಕೊಂಡು ಕಿಟಕಿ ಎಳೆದೆ.

"ಗ್ರಾಸಿ ಅತ್ತೆ ಇದಾರಾ, ಫೆರ್ಮಿನ್ ಮಾವ?"

"ಎಲ್ಲಿಗೆ ಹೋಗ್ತಾಳೆ? ಮೇಲಿದಾಳೆ. ಕೂತ್ಕೊ, ಸೂಪು ಕುಡಿ."

"ನಂಗೇನೂ ಬೇಡ."

ಗ್ರಾಸಿಯಾನಾ ಎಲೋರ್ಡಿ ನನ್ನ ಖಾನಾವಳಿಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿರುವ ಮುದುಕಿ. ವಿಮಾ ಕಂಪನಿಯಲ್ಲಿದ್ದಾಗ ಅವಳ ಕೆಲಸ ಒಂದೇ: ಸುಟ್ಟ ಕೊಟ್ಟಿಗೆಗೆ ಬೆಂಕಿ ತಾನಾಗಿ ಬಿತ್ತೋ, ಯಾರಾದರೂ ಇಟ್ಟರೋ ಎಂದು ಕಂಡುಹಿಡಿಯುವುದು. ಅಮೆರಿಕದ ಐಡಹೊ ರಾಜ್ಯದ ಈ ಮೂಲೆಯ ಎಷ್ಟೋ ಮನೆಗಳ ಮರ್ಯಾದೆಯನ್ನು ಅವಳು ಹಾಗೆ ಬೀದಿಗೆ ತಂದಿದ್ದಾಳೆ. ಈಗ ಕಣ್ಣು ಮಂದ, ಮೂಗು ಮಾತ್ರ ಚುರುಕು. ಎಲ್ಲಿಗೆ ಹೋಗಬೇಕಾದರೂ ನಾನೇ ಕಾರು ಓಡಿಸಬೇಕು. ಅವಳು ಮೆಟ್ಟಿಲಿಳಿಯುತ್ತಲೇ ಮೂಗು ಎತ್ತಿದಳು.

"ಏನದು ವಾಸನೆ?"

"ಮೈಟೆ ಗಾಡಿ. ಅದಕ್ಕೂ ಇಂಜಿನ್ ಕೆಲ್ಸ ಬಂದಿರ್ಬೇಕು," ಎಂದೆ.

ಊರಿಗೆಲ್ಲ ಗೊತ್ತಿದ್ದ ಸಂಗತಿ ಇಷ್ಟು. ಮೈಟೆಯ ಅಪ್ಪ ಡೊಮಿಂಗೊನ ಕುರಿಗಳು ಇನ್ನೂ ಮೇಲಿನ ದಿಬ್ಬದ ಹುಲ್ಲುಗಾವಲಿನಲ್ಲಿದ್ದವು. ಎಪ್ಪತ್ತು ದಾಟಿದ ಅವನನ್ನು ಅಲ್ಲಿಗೆ ಒಯ್ಯುತ್ತಿದ್ದದ್ದು ಒಂದು ಪುರಾತನ ಎಟಿವಿ, ನಾಲ್ಕು ದಪ್ಪ ಟೈರಿನ ಟೂ ಸ್ಟ್ರೋಕ್ ಗಾಡಿ. ಅದರ ಪಿಸ್ಟನ್, ಬ್ಲಾಕು ಸವೆದು ಏರು ಹತ್ತುವುದನ್ನೇ ಬಿಟ್ಟಿತ್ತು. ಮೆಕ್ಯಾನಿಕ್ ಡೆಲ್ ಹ್ಯಾಕೆಟ್ ಬ್ಲಾಕನ್ನು ಬೋರ್ ಮಾಡಿಸಿ, ಅಂದರೆ ಸವೆದ ಒಳಮೈಯನ್ನು ಕೊರೆಸಿ ಅಗಲ ಮಾಡಿಸಿ, ಹೊಸ ಪಿಸ್ಟನ್, ರಿಂಗು, ಗ್ಯಾಸ್ಕೆಟ್ ಹಾಕಿ, ಒಂದು ಸಂಜೆ ಗಾಡಿಯನ್ನು ಮನೆಗೇ ತಂದುಬಿಟ್ಟ. ಮರುದಿನ ಬೆಳಗ್ಗೆ ಡೊಮಿಂಗೊ ದಿಬ್ಬ ಹತ್ತಿದ. ನಾಲ್ಕು ಮೈಲಿ ಏರಿದ ಮೇಲೆ ಇಂಜಿನ್ ಕಚ್ಚಿಕೊಂಡು ಸೀಜ್ ಆಯಿತು. ಮಧ್ಯಾಹ್ನ ಕಳೆದು ಹಿಮಗಾಳಿ ಎದ್ದಿತು. ಹಾಳು ಮಂಡಿ ಎಳೆಯುತ್ತಾ ಇಳಿಯಲು ಹೊರಟ ಮುದುಕ ಬಂಡೆಯೊಂದರ ಮರೆಯಲ್ಲಿ ಕೂತವನು ಮತ್ತೆ ಏಳಲಿಲ್ಲ.

ಅವನ ಟ್ಯಾಂಕಿನ ಪೆಟ್ರೋಲಿನಲ್ಲಿ ಎಣ್ಣೆಯೇ ಇರಲಿಲ್ಲ. ಪೆಟ್ರೋಲಿಗೆ ಎಣ್ಣೆ ಬೆರೆಸದೆ ಟೂ ಸ್ಟ್ರೋಕ್ ಓಡಿಸಿದರೆ ಪಿಸ್ಟನ್ ಕಾದು ಬ್ಲಾಕಿಗೇ ಕಚ್ಚಿಕೊಳ್ಳುತ್ತದೆಂದು ಇಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ. ಬೋರ್ ಮಾಡಿದ ಗಾಡಿಗೆ ಮೊದಲ ಟ್ಯಾಂಕು ತುಂಬಿಸಿ ಕೊಡುವುದು ನಮ್ಮಲ್ಲಿ ಮೆಕ್ಯಾನಿಕ್ಕಿನ ಜವಾಬ್ದಾರಿ, ಅದೂ ಎಣ್ಣೆ ಎರಡರಷ್ಟು ಬೆರೆಸಿ. ಡೆಲ್ ಹಿಂದೆ ಕುಡುಕನಾಗಿದ್ದವನು. ಇನ್ನೇನು ಬೇಕು? ಊರಿನ ನಾಲಿಗೆಗೆ ಹಬ್ಬವಾಯಿತು.

"ಡೆಲ್‌ನ ಜೈಲಿಗೆ ಹಾಕ್ತಾರಂತೆ, ಅತ್ತೆ," ಎಂದಳು ಮೈಟೆ. "ನನ್ನ ತಮ್ಮ ಪಾಸ್ಕಲ್ ಹಟ ಹಿಡಿದು ಕೂತಿದಾನೆ. ಹೇಗಾದ್ರೂ ಬಿಡಿಸಿ. ಅವನೇನೂ ಮಾಡಿಲ್ಲ."

"ಮಾಡಿಲ್ಲ ಅಂತ ನಿಂಗೆ ಹೇಗ್ ಗೊತ್ತು?"

"ಡೆಲ್ ಅಂಥದ್ದು ಮರೆಯೋನಲ್ಲ. ಅಷ್ಟೇ."

ಅವಳು ಸೂಪು ಮುಟ್ಟದೆ ಎದ್ದು ಹೋದಳು. ಗ್ರಾಸಿ ಅವಳ ಗಾಡಿಯ ಸದ್ದು ದೂರವಾಗುವವರೆಗೂ ಬಾಗಿಲಲ್ಲೇ ನಿಂತಿದ್ದಳು.

ನಾವು ಹೋದಾಗ ಇಲ್ಲಿನ ಪೊಲೀಸ್ ಮುಖ್ಯಸ್ಥ ಷರೀಫ್ ಟ್ಯಾಲ್ಮೇಜ್ ಎಟಿವಿಯನ್ನು ತನ್ನ ಕಚೇರಿಯ ಹಿಂದೆ ಬಿಚ್ಚಿ ಹರಡಿಸಿದ್ದ. ಪಿಸ್ಟನ್ನಿನ ಸುತ್ತಲೂ ಉದ್ದುದ್ದ ಗೀರು, ಉಗುರಿನಿಂದ ಪರಚಿದ ಹಾಗೆ.

"ನೋಡೋಕೇನಿದೆ ಇದ್ರಲ್ಲಿ?" ಎಂದ ಷರೀಫ. "ಒಣ ಇಂಜಿನ್. ಟ್ಯಾಂಕ್ ತುಂಬಿದ್ದು ನಾನೇ ಅಂತ ಡೆಲ್ ತಾನೇ ಒಪ್ಕೊಂಡಿದಾನೆ."

ಗ್ರಾಸಿ ಪಿಸ್ಟನ್ನನ್ನು ಬಿಟ್ಟು ಟ್ಯಾಂಕಿನಿಂದ ಇಳಿಯುವ ರಬ್ಬರ್ ಪೈಪನ್ನು ಬೆರಳಿನಿಂದ ಸವರಿದಳು. "ಫೆರ್ಮಿನ್, ನನ್ನ ಕಣ್ಣು ನಂಬ್ಬೇಡ. ಕ್ಲಿಪ್ಪಿನ ಗುರುತು ಎಷ್ಟಿದೆ?"

"ಕ್ಲಿಪ್ ಕೂತಿರೋ ಕಡೆ ಒಂದು. ಸ್ವಲ್ಪ ಕೆಳಗೆ ಇನ್ನೊಂದು."

"ಪೈಪು ಹಳೇದಾ?"

"ಹೊಚ್ಚ ಹೊಸದು."

ಅಲ್ಲಿಂದ ಡೆಲ್‌ನ ಅಂಗಡಿಗೆ ಹೋದೆವು. ಅರ್ಧ ಬಾಗಿಲು ಹಾಕಿಕೊಂಡು ಅವನು ಕತ್ತಲಲ್ಲಿ ಕೂತಿದ್ದ. ಬಾಟಲಿ ಎಲ್ಲೂ ಕಾಣಲಿಲ್ಲ, ಕಂಡಿದ್ದರೂ ನಾನು ಬೈಯುತ್ತಿರಲಿಲ್ಲ.

"ಎಣ್ಣೆ ಬೆರೆಸಿದ್ದು ನೆನಪಿದೆಯಾ?" ಎಂದು ಗ್ರಾಸಿ ನೇರವಾಗಿ ಕೇಳಿದಳು.

"ಇದೆ. ನಾನು ಹಾಕೋದು ನೀಲಿ ಎಣ್ಣೆ, ಬಣ್ಣ ನೋಡ್ಕೊಂಡೇ ಬೆರೆಸ್ತೀನಿ. ಆದ್ರೆ ಅತ್ತೆ, ಕುಡಿಯೋ ಕಾಲದಲ್ಲೂ ನಂಗೆ ಏನೇನೋ ನೆನಪಿರ್ತಿತ್ತು. ಒಂದೂ ನಿಜ ಆಗಿರ್ತಿರ್ಲಿಲ್ಲ." ಅವನು ತನ್ನ ಅಂಗೈ ನೋಡಿಕೊಂಡ. "ಜೈಲಿಗೆ ಹಾಕ್ಲಿ ಬಿಡಿ, ಅದು ಸಾಯ್ಲಿ. ಅವನನ್ನ ಕೊಂದಿದ್ದು ನಾನಾ ಅಲ್ವಾ, ಅದೊಂದು ಗೊತ್ತಾಗ್ಬೇಕು. ಮುದುಕ ಈ ಬೆಂಚಿನ ಮೇಲೆ ಕೂತು ಒಂದೊಂದು ನಟ್ಟೂ ನೋಡ್ತಿದ್ದ."

"ಪೆಟ್ರೋಲ್ ಪೈಪು ಎಷ್ಟು ಸಲ ಬಿಚ್ಚಿದೆ?"

"ಬಿಚ್ಚೋದೆಲ್ಲಿ? ಹೊಸದು ಕತ್ತರಿಸಿ ಒಂದೇ ಸಲ ಹಾಕಿದ್ದು. ಆಮೇಲೆ ಇಲ್ಲೇ ಮೂರು ಸಲ ಓಡಿಸಿ, ಆರಿಸಿ, ಒಳಗೆಲ್ಲ ಚೆನ್ನಾಗಿ ಎಣ್ಣೆ ಕುಡಿಸಿದೆ. ಇನ್ನೊಂದ್ ಸಲ ಬೋರ್ ಮಾಡೋಕೆ ಆ ಬ್ಲಾಕಲ್ಲಿ ಜಾಗ ಇರ್ಲಿಲ್ಲ. ಅದಕ್ಕೇ ಅಷ್ಟು ಜೋಪಾನ ಮಾಡಿದ್ದು."

"ಮೈಟೆ ಪಿಕಪ್ ಹೊಗೆ ಬಿಡುತ್ತಾ?"

"ಅದಾ? ಹೋದ ತಿಂಗಳು ನಾನೇ ನೋಡಿದೀನಿ. ಆ ಇಂಜಿನ್ನಿಗೆ ಏನೂ ಆಗಿಲ್ಲ."

ಉರ್ಕಿಡಿಗಳ ಮನೆಯಲ್ಲಿ ಪಾಸ್ಕಲ್ ನಮ್ಮನ್ನು ಅಂಗಳದಲ್ಲೇ ತಡೆದ. ಕುರಿ ಮಾರಿಬಿಡಿ ಎಂದು ಅಪ್ಪನೊಂದಿಗೆ ವರ್ಷಗಟ್ಟಲೆ ಕಿತ್ತಾಡಿದ ಮಗ ಇವನು. ಈಗ ಅಪ್ಪನ ಹೆಸರು ಹೇಳಿ ಕುದಿಯುತ್ತಿದ್ದ.

"ಕುಡುಕನ ಪರ ಬಂದ್ರಾ, ಅತ್ತೆ? ಅವನಲ್ದಿದ್ರೆ ಪಕ್ಕದ ಓಡೆನ್‌ನ ಕೇಳಿ. ಊಟೆ ನೀರಿಗೋಸ್ಕರ ಅಪ್ಪನ ಸಾವು ಬಯಸ್ತಿದ್ದೋನು."

"ಓಡೆನ್‌ಗೆ ಪೆಟ್ರೋಲ್ ಗಾಡಿ ಇದೆಯಾ?"

"ಕುದುರೆ, ಡೀಸೆಲ್ ಟ್ರ್ಯಾಕ್ಟರ್. ನಂದೂ ಡೀಸೆಲ್ಲೇ. ಯಾಕೆ?"

"ಸುಮ್ನೆ. ಎಣ್ಣೆ ಹಾಕ್ದೆ ಓಡಿಸಿದ್ರೆ ಆ ಎಟಿವಿ ಎಷ್ಟು ದೂರ ಹೋಗುತ್ತೆ?"

ಪಾಸ್ಕಲ್ ಮುಖ ಹುಳ್ಳಗಾಯಿತು. "ಹಿಂದೊಂದ್ ಸಲ ನಾನೇ ಮರೆತು ಬರೀ ಪೆಟ್ರೋಲ್ ಹಾಕಿದ್ದೆ. ಗೇಟೂ ದಾಟ್ಲಿಲ್ಲ. ಮನೆಯವರೆಲ್ಲರ ಮುಂದೆ ಅಪ್ಪ ನನ್ನ ಚರ್ಮ ಸುಲಿದ್ರು." ಅವನ ದನಿ ಇಳಿಯಿತು. "ಆ ದಿನ ಬ್ರೆಡ್ಡು, ಚೀಸು ಕಟ್ಕೊಂಡು ಸಂಜೆಗೆ ಬರ್ತೀನಿ ಅಂತ ಹೇಳಿ ಹೋದ್ರು. ನಮ್ಮಕ್ಕ ನೋಡಿ ಪಾಪ, ಮಧ್ಯಾಹ್ನವೇ ಎರಡು ತಟ್ಟೆ ಇಟ್ಕೊಂಡು ಕಾಯ್ತಿದ್ಲು."

ಖಾನಾವಳಿಗೆ ವಾಪಸ್ಸು ಬಂದಾಗ ಗ್ರಾಸಿ, "ನಂಗೆ ಈ ಕೇಸು ಬೇಡವಾಗಿತ್ತು, ಫೆರ್ಮಿನ್," ಎಂದಳು.

ಭಾನುವಾರ ಎಲ್ಲರೂ ಚರ್ಚಿನ ಒಳಗಿದ್ದಾಗ ಹೊರಗೆ ನನ್ನ ಪಾಲಿಗೆ ಬಂದ ಕೆಲಸ ಹೇಳಿಕೊಳ್ಳುವಂಥದ್ದಲ್ಲ. ಷರೀಫ ಕಾವಲು ನಿಂತಿದ್ದ. ನಾನು ಅಲ್ಲಿ ನಿಂತಿದ್ದ ಗಾಡಿಯೊಂದರ ಟ್ಯಾಂಕಿಗೆ ಪೈಪು ಇಳಿಬಿಟ್ಟು, ಬಾಯಿಟ್ಟು ಪೆಟ್ರೋಲು ಹೀರಿ, ಉಗಿದು, ಒಂದು ಗ್ಲಾಸು ತುಂಬಿಸಿದೆ. ಈ ವಯಸ್ಸಿನಲ್ಲಿ ದೇವರ ಮನೆಯ ಮುಂದೆ ಕಳ್ಳನಾದೆ.

ಊಟದ ಹೊತ್ತಿಗೆ ನನ್ನ ಉದ್ದನೆಯ ಮೇಜಿನ ಸುತ್ತ ಮೈಟೆ, ಪಾಸ್ಕಲ್, ಓಡೆನ್, ಡೆಲ್, ಷರೀಫ ಎಲ್ಲರೂ ಕೂತಿದ್ದರು. ಬಡಿಸಿದ ಕುರಿಮಾಂಸವನ್ನು ಯಾರೂ ಮುಟ್ಟಲಿಲ್ಲ. ಗ್ರಾಸಿ ಎರಡು ಗ್ಲಾಸುಗಳನ್ನು ಎದುರಿಗಿಟ್ಟಳು. ಒಂದರಲ್ಲಿದ್ದದ್ದು ಮಾಮೂಲಿ ಪೆಟ್ರೋಲು, ಇನ್ನೊಂದರದ್ದು ನೀಲಿಗೆ ತಿರುಗಿತ್ತು.

"ಬಣ್ಣ ಇಲ್ದಿರೋದು ಡೊಮಿಂಗೊ ಟ್ಯಾಂಕಿಂದು," ಎಂದಳು. "ನೀಲಿ ಇರೋದು ಡೆಲ್ ಬೆರೆಸಿದ್ದು. ಅವನು ಏನೂ ಮರೆತಿಲ್ಲ. ಹೊಸ ಪೈಪಿನ ಮೇಲೆ ಕ್ಲಿಪ್ಪಿನ ಗುರುತು ಎರಡಿದೆ. ಅವನು ಹಾಕಿದ್ದು ಒಂದೇ ಸಲ. ಅಂದ್ರೆ ಗಾಡಿ ಮನೆಗೆ ಬಂದ್ಮೇಲೆ ಯಾರೋ ಪೈಪು ಕಿತ್ತು, ಅವನ ಪೆಟ್ರೋಲ್ ಬಸಿದು, ಬೇರೆ ತುಂಬಿದಾರೆ."

"ಯಾರು?" ಎಂದು ಪಾಸ್ಕಲ್ ಎದ್ದ. "ಓಡೆನ್, ನೀನಾ?"

"ಬಾಯ್ಮುಚ್ಚೋ," ಎಂದ ಓಡೆನ್. "ನೀರಿಗೆ ಜಗಳ ಆಡಿದೀನಿ ನಿಜ. ಹೆಣದ ಜೊತೆ ಆಡ್ಲಾ?"

"ಕೂತ್ಕೊ ಪಾಸ್ಕಲ್. ಹೊರಗಿನೋನಾಗಿದ್ರೆ ಬಸಿದಿದ್ದನ್ನ ಮಣ್ಣಿಗೆ ಚೆಲ್ಲಿ ಹೋಗ್ತಿದ್ದ, ನಂಗೆ ಏನೂ ಸಿಗ್ತಿರ್ಲಿಲ್ಲ. ಕುರಿ ಮನೇಲಿ ಬೆಳೆದೋರಿಗೆ ತಮ್ಮ ಮನೆಗೆ ಬಂದ ಪೆಟ್ರೋಲ್ ಚೆಲ್ಲೋಕೆ ಕೈ ಬರಲ್ಲ. ಅದನ್ನ ಇನ್ನೊಂದು ಗಾಡಿಗೆ ಸುರಿದ್ರು. ಡೀಸೆಲ್ ಗಾಡಿಗೆ ಸುರಿಯೋ ಹಾಗಿಲ್ಲ. ಎಣ್ಣೆ ಬೆರೆತ ಪೆಟ್ರೋಲ್ ಕುಡಿದ ಗಾಡಿ ನೀಲಿ ಹೊಗೆ ಬಿಡುತ್ತೆ. ಮೊನ್ನೆ ಈ ಕಿಟಕಿ ಹತ್ರ ಮೈಟೆ ಪಿಕಪ್ ಬಿಟ್ಟ ಹಾಗೆ. ಈ ನೀಲಿ ಪೆಟ್ರೋಲ್ ಇವತ್ತು ಅದರ ಟ್ಯಾಂಕಿಂದಲೇ ತೆಗೆದಿದ್ದು."

ಮೈಟೆ ತಲೆ ಎತ್ತಲಿಲ್ಲ.

"ಇವಳಿಗೆ ಅಪ್ಪನ್ನ ಕೊಲ್ಲೋ ಮನಸ್ಸಿರ್ಲಿಲ್ಲ," ಎಂದು ಗ್ರಾಸಿ ಅವಳ ಕಡೆ ತಿರುಗಿದಳು. "ಸಂಜೆಗೆ ಬರ್ತೀನಿ ಅಂತ ಬುತ್ತಿ ಕಟ್ಕೊಂಡು ಹೋದೋನಿಗೆ ಮಧ್ಯಾಹ್ನ ತಟ್ಟೆ ಇಟ್ಟಿದ್ದೆ ನೀನು. ಗಾಡಿ ಗೇಟಿನ ಹತ್ರ ನಿಲ್ಲುತ್ತೆ, ಬೈಕೊಂಡು ವಾಪಸ್ ಬರ್ತಾನೆ ಅಂತ ಲೆಕ್ಕ ಹಾಕಿದ್ದೆ. ಪಾಸ್ಕಲ್ ಬರೀ ಪೆಟ್ರೋಲ್ ಹಾಕಿದ ಸಲ ನಿಂತಿತ್ತಲ್ಲ, ಹಾಗೇ."

"ಅಪ್ಪ ಎರಡು ಸಲ ತಲೆ ಸುತ್ತಿ ಬಿದ್ದಿದ್ರು," ಎಂದಳು ಮೈಟೆ. ದನಿ ಒಣಗಿತ್ತು. "ದಿಬ್ಬಕ್ಕೆ ಹೋಗ್ಬೇಡಿ ಅಂತ ಕಾಲು ಹಿಡ್ಕೊಂಡೆ. ಇಂಜಿನ್ ಮಾಡ್ಬೇಡ ಅಂತ ಡೆಲ್‌ಗೂ ಹೇಳಿದ್ದೆ. ಇಂಜಿನ್ ಹೋದ್ರೆ ಕುರಿ ಹೋಗುತ್ತೆ, ಕುರಿ ಹೋದ್ರೆ ನಾನು ಆ ಅಂಗಳ ದಾಟಿ ಎಲ್ಲಾದ್ರೂ ಬದುಕಬಹುದು ಅಂದ್ಕೊಂಡೆ. ಅವರಿಗೋಸ್ಕರ ಮಾಡಿದೆ ಅಂತ ಹೇಳಲ್ಲ. ನನಗೋಸ್ಕರವೂ ಇತ್ತು."

"ಮಧ್ಯಾಹ್ನ ಬರ್ಲಿಲ್ಲವಲ್ಲ? ಯಾಕೆ ಹುಡುಕ್ಲಿಲ್ಲ?" ಎಂದ ಷರೀಫ.

"ಡೆಲ್ ಕೆಲ್ಸ ಅಷ್ಟು ಚೆನ್ನಾಗಿದೆ, ಎಣ್ಣೆ ಇಲ್ದೇನೂ ಓಡ್ತಿದೆ, ನಾನು ಸೋತೆ ಅಂದ್ಕೊಂಡೆ. ನಿಜ ಹೇಳ್ಬೇಕಂದ್ರೆ ಸಮಾಧಾನವೇ ಆಯ್ತು. ಅಪ್ಪನ ತಟ್ಟೆ ಎತ್ತಿಟ್ಟೆ." ಅವಳು ಡೆಲ್‌ನನ್ನು ನೋಡಿದಳು. "ಗೇಟಿನ ಹತ್ರ ಯಾಕೆ ನಿಲ್ಲಲಿಲ್ಲ, ಡೆಲ್?"

ಡೆಲ್ ನೀಲಿ ಗ್ಲಾಸನ್ನು ತನ್ನ ಕಡೆಗೆ ಎಳೆದುಕೊಂಡ. "ಒಳಗೆ ನಾನು ಕುಡಿಸಿದ್ದ ಎಣ್ಣೆ ಇತ್ತಲ್ಲ. ಅದು ಆರೋವರೆಗೂ ಓಡಿದೆ. ಕಳಪೆ ಕೆಲ್ಸ ಮಾಡಿದ್ರೆ ಗೇಟಿನ ಹತ್ರಾನೇ ನಿಲ್ತಿತ್ತು."

ಆ ದಿನ ಷರೀಫ ಮೈಟೆಯನ್ನು ಕರೆದುಕೊಂಡು ಹೋದ. ಪಾಸ್ಕಲ್ ಮೇಜಿಗೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತ. ಕುರಿಗಳನ್ನು ಕೊನೆಗೆ ದಿಬ್ಬದಿಂದ ಇಳಿಸಿದವನು ಓಡೆನ್, ತನ್ನ ಕುದುರೆಯ ಮೇಲೆ ಹೋಗಿ. ಗ್ರಾಸಿ ಮೂರು ದಿನ ಕೋಣೆಯಿಂದ ಕೆಳಗಿಳಿಯಲಿಲ್ಲ.

ಮುಂದಿನ ವಾರದಿಂದ ಡೆಲ್‌ನ ಅಂಗಡಿಯ ಮುಂದೆ ಗಾಡಿಗಳ ಸಾಲು ಶುರುವಾಯಿತು. ಅವನನ್ನು ಕುಡುಕ ಎಂದು ಉಗಿದ ಬಾಯಿಗಳೇ ಈಗ ಊರೂರಿಗೂ ಸಾರುತ್ತಿದ್ದವು: ಎಣ್ಣೆಯಿಲ್ಲದೆ ನಾಲ್ಕು ಮೈಲಿ ಓಡುವ ಇಂಜಿನ್ ಕಟ್ಟಿದವನಂತೆ, ಎಂಥಾ ಕೈಯಂತೆ! ನಾಚಿಕೆಗೆಟ್ಟ ಜನ. ಒಂದು ಬೆಳಗ್ಗೆ ಅವನಿಗೆ ಸೂಪು ಒಯ್ದಾಗ ಡೆಲ್ ಬ್ಲಾಕೊಂದನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ.

"ಕೆಲ್ಸ ಶುರು ಮಾಡಿದೆಯಾ?" ಎಂದೆ ಖುಷಿಯಿಂದ.

"ಇಲ್ಲ ಮಾವ," ಎಂದ. "ಇದು ಎಷ್ಟು ದೂರ ಹೋಗುತ್ತೆ ಅಂತ ಯೋಚಿಸ್ತಿದೀನಿ."

ಅವನು ಎದ್ದು ಆ ಬ್ಲಾಕನ್ನು ಹೊರಗೆ ಕಾಯುತ್ತಿದ್ದವನ ಕೈಗೇ ವಾಪಸ್ಸು ಕೊಟ್ಟು, ಅಂಗಡಿಯ ಬಾಗಿಲು ಎಳೆದುಕೊಂಡ.