ಯಾರೀ ಬಾರ್ಟೀನಿ?

ಬಾಗಿಲ ಕಡೆ ನೋಡಿ ನೋಡಿ ಭೂಮಿಕಾಳ ಕತ್ತು ನೋಯತೊಡಗಿತ್ತು. ಎರಡು ಗಂಟೆಗೆ ಬರಬೇಕಾದವರು ಎರಡೂವರೆಯಾದರೂ ಪತ್ತೆಯಿಲ್ಲ!

ಅಂದು ಅಮೆರಿಕದ ಹ್ಯಾರಿಸನ್ ಊರಿನ ಅವಳ ಶಾಲೆಯಲ್ಲಿ ಕೆರಿಯರ್ ಡೇ. ದೊಡ್ಡವರು ಬಂದು ತಾವು ಮಾಡುವ ಕೆಲಸದ ಬಗ್ಗೆ ಹೇಳುವ ದಿನ. ಹಲ್ಲಿನ ಡಾಕ್ಟರು ಬಂದು ತೆಂಗಿನಕಾಯಿ ಗಾತ್ರದ ಪ್ಲಾಸ್ಟಿಕ್ ಹಲ್ಲು ತೋರಿಸಿ ಹೋಗಿದ್ದರು. ಫೈರ್ ಎಂಜಿನ್ ಅಂಕಲ್ ಎಲ್ಲರ ತಲೆಗೂ ಹೆಲ್ಮೆಟ್ ಹಾಕಿ ನಗಿಸಿದ್ದರು. 'ಭೂಮಿಕಾಳ ಗೆಸ್ಟ್' ಎಂದು ಚೀಟಿ ಅಂಟಿಸಿದ್ದ ಕುರ್ಚಿ ಮಾತ್ರ ಖಾಲಿ.

"ಎಲ್ಲಿ ನಿನ್ನ ಪಿಚರ್?" ಪಕ್ಕದಲ್ಲಿದ್ದ ಟೈಲರ್ ಕಿಸಕ್ಕನೆ ನಕ್ಕ. "ಯೂ ಮೇಡ್ ಹಿಮ್ ಅಪ್!"

"ನೋ! ಹೀ ಈಸ್ ರಿಯಲ್!"

ನಿಜವೇ. ಮಾರ್ಕಸ್ ಅಂಕಲ್ ಇದ್ದದ್ದು ಭೂಮಿಕಾಳ ಮನೆಯ ಕೆಳಗಿನ ಅಪಾರ್ಟ್‌ಮೆಂಟಿನಲ್ಲೇ. ಬೇಸ್‌ಬಾಲ್‌ನಲ್ಲಿ ಚೆಂಡು ಎಸೆಯುವ ಪಿಚರ್ ಅವರು. ಎರಡು ವರ್ಷ ಕೊರಿಯಾ, ಒಂದು ವರ್ಷ ಜಪಾನ್, ಆಮೇಲೆ ಮೆಕ್ಸಿಕೊ. ಯಾವ ದೇಶದ ಟೀಮ್ ಕರೆದರೂ ಬ್ಯಾಗ್ ಹೆಗಲಿಗೇರಿಸಿ ಹೊರಟುಬಿಡುತ್ತಿದ್ದರು. ಈ ವರ್ಷ ಭುಜ ನೋವೆಂದು ನ್ಯೂಜೆರ್ಸಿಯ ಚಿಕ್ಕ ಟೀಮೊಂದರಲ್ಲಿ ಆಡುತ್ತಿದ್ದರು.

ಮೈಸೂರಿನಿಂದ ಬಂದಿದ್ದ ಗೌರಮ್ಮಜ್ಜಿಗೆ ಅವರೆಂದರೆ ಅಚ್ಚುಮೆಚ್ಚು. ಅಜ್ಜಿಯ ಬಾಯಲ್ಲಿ ಮಾರ್ಕಸ್ ಎಂಬ ಹೆಸರು 'ಮಾರಪ್ಪ' ಆಗಿತ್ತು. "ಬರೀ ಎಸೆಯೋದಕ್ಕೇ ಸಂಬಳ ಕೊಡ್ತಾರಾ?" ಎಂದು ಮೂಗಿನ ಮೇಲೆ ಬೆರಳಿಡುತ್ತಲೇ ಮಾರಪ್ಪನಿಗೆ ತಟ್ಟೆ ತುಂಬ ಕೋಡುಬಳೆ ಕೊಡುತ್ತಿದ್ದರು.

ಶಾಲೆಗೆ ಕರೆದಾಗ ಮಾರ್ಕಸ್ ಅಂಕಲ್, "ಊರಲ್ಲಿದ್ದರೆ ನೋಡೋಣ" ಎಂದಿದ್ದರು. ಆದರೆ ಇವತ್ತು ಬೆಳಗ್ಗೆ ಅವರು ಕಾರಿಗೆ ಬ್ಯಾಗ್ ತುಂಬುತ್ತಿದ್ದಾಗ ಭೂಮಿಕಾ ಸ್ಕೂಲ್ ಬಸ್ಸಿನ ಕಿಟಕಿಯಿಂದ ಕೂಗಿದ್ದಳು: "ಅಂಕಲ್! ಟೂ ಓ ಕ್ಲಾಕ್! ಮೈ ಕ್ಲಾಸ್!"

ಅವರು ಕೈ ಬೀಸಿ, ಅಚ್ಚ ಕನ್ನಡದಲ್ಲಿ "ಬರ್ತೀನಿ!" ಎಂದಿದ್ದರು.

ಕನ್ನಡದಲ್ಲೇ ಮಾತು ಕೊಟ್ಟ ಮೇಲೆ ಇನ್ನೇನು ಬೇಕು? ಭೂಮಿಕಾ ಬಸ್ಸಿಗೆಲ್ಲ ಡಂಗುರ ಸಾರಿದ್ದಳು.

ಮೂರು ಗಂಟೆಗೆ ಬೆಲ್ ಆಯಿತು. "ಇಟ್ಸ್ ಓಕೆ, ಸ್ವೀಟಿ" ಎನ್ನುತ್ತ ಟೀಚರ್ ಕುರ್ಚಿಯ ಚೀಟಿಯನ್ನು ಮೆಲ್ಲಗೆ ಕಿತ್ತರು. ಟೈಲರ್ ನಕ್ಕದ್ದಕ್ಕಿಂತ ಅದೇ ಭೂಮಿಕಾಳಿಗೆ ಹೆಚ್ಚು ಅವಮಾನವಾಯಿತು.

ಮನೆಗೆ ಬಂದವಳೇ ಬ್ಯಾಗ್ ಎಸೆದಳು. "ಅಜ್ಜೀ, ಮಾರ್ಕಸ್ ಅಂಕಲ್ ಲಯರ್! ಬರ್ತೀನಿ ಅಂದ್ರು, ಬರಲೇ ಇಲ್ಲ!"

ದೀಪಕ್ಕೆ ಎಣ್ಣೆ ಹಾಕುತ್ತಿದ್ದ ಅಜ್ಜಿ ತಿರುಗಿದರು. "ಅಯ್ಯೋ ಪೆದ್ದೇ, ಅವನು ಹೊರಟಿದ್ದು ತೈವಾನಿಗೆ ಕಣೆ! ನಿನ್ನೆ ಅಲ್ಲಿನ ಟೀಮಿಂದ ಫೋನ್ ಬಂತಂತೆ, ಇವತ್ತೇ ಪ್ಲೇನು. ನಿನ್ನ ಬಸ್ಸು ಹೋದ ಮೇಲೆ ಮನೆಗೆ ಬಂದು ನಿಮ್ಮಮ್ಮನ ಹತ್ರ ಹೇಳ್ದ."

"ಮತ್ತೆ ಬರ್ತೀನಿ ಅಂತ ಯಾಕೆ ಅನ್ನಬೇಕಿತ್ತು?"

"ನಾನೇ ಹೇಳಿಕೊಟ್ಟಿದ್ದು. ಕೋಡುಬಳೆ ತಿಂದು ಹೊರಡುವಾಗೆಲ್ಲ 'ಗೋಯಿಂಗ್, ಗೋಯಿಂಗ್' ಅಂತಿದ್ದ. ಹೊರಡೋರು ಹೋಗ್ತೀನಿ ಅನ್ನಬಾರದಪ್ಪಾ, ಬರ್ತೀನಿ ಅನ್ನಬೇಕು ಅಂದೆ. ಪಾಪ, ಒಂದೇ ಸಲಕ್ಕೆ ಕಲಿತುಬಿಟ್ಟ."

ಭೂಮಿಕಾಳಿಗೆ ಥಟ್ಟನೆ ಅಪ್ಪ ನೆನಪಾದರು. ದಿನಾ ಬೆಳಗ್ಗೆ ನ್ಯೂಯಾರ್ಕ್ ಟ್ರೇನಿಗೆ ಓಡುವ ಅಪ್ಪ ಹೇಳುವುದೂ ಅದನ್ನೇ. "ಬರ್ತೀನಿ ಪುಟ್ಟೀ!" ಎನ್ನುತ್ತಲೇ ಹೋಗಿಬಿಡುತ್ತಾರೆ. ಅದು ಅವಳಿಗೆ ಇಷ್ಟು ದಿನ ವಿಚಿತ್ರ ಅನಿಸಿರಲೇ ಇಲ್ಲ.

ಅಜ್ಜಿ ದೇವರ ಮುಂದಿದ್ದ ಬೇಸ್‌ಬಾಲ್ ಒಂದನ್ನು ತಂದು ಅವಳ ಕೈಗಿಟ್ಟರು. ಅದಕ್ಕೂ ಕುಂಕುಮ! "ಕ್ಲಾಸಿಗೆ ಬರೋಕಾಗಲ್ಲ ಅಂತ ಬೇಜಾರು ಮಾಡ್ಕೊಂಡು ನಿನಗೇ ಅಂತ ಕೊಟ್ಟ. ಶುಕ್ರವಾರ ಅಲ್ವಾ, ಅವನ ಹೊಸ ಕೆಲಸಕ್ಕೆ ಒಳ್ಳೇದಾಗಲಿ ಅಂತ ಪೂಜೆ ಮಾಡ್ದೆ."

ಚೆಂಡಿನ ಮೇಲೆ ಮಾರ್ಕಸ್ ಅಂಕಲ್ ಇಂಗ್ಲಿಷ್ ಅಕ್ಷರಗಳಲ್ಲಿ ಒಂದೇ ಒಂದು ಪದ ಬರೆದಿದ್ದರು. ಭೂಮಿಕಾ ಅಕ್ಷರ ಕೂಡಿಸಿ ಓದಿದಳು. ಬರ್ತೀನಿ.

ಸೋಮವಾರ ಚೆಂಡು ಕ್ಲಾಸಿಗೆ ಹೋಯಿತು. ಟೈಲರ್ ಅದನ್ನು ತಿರುಗಿಸಿ ಮುರುಗಿಸಿ ನೋಡಿ ಕಣ್ಣರಳಿಸಿದ. "ವಾವ್! ಹೂ ಈಸ್ ಬಾರ್ಟೀನಿ? ಇಟಾಲಿಯನ್ ಪ್ಲೇಯರಾ?"

ಭೂಮಿಕಾಳಿಗೆ ನಗು ತಡೆಯಲಾಗಲಿಲ್ಲ. "ಅದು ಹೆಸರಲ್ಲ. ನಮ್ಮ ಕನ್ನಡ. ಐ ವಿಲ್ ಕಮ್ ಅಂತ."

"ವೆನ್?"

ಭೂಮಿಕಾ ಚೆಂಡನ್ನು ವಾಪಸ್ ತೆಗೆದುಕೊಂಡಳು. "ಆ ವರ್ಡ್‌ನಲ್ಲಿ ಡೇಟ್ ಇರಲ್ಲ" ಎಂದಳು.

ಸಂಜೆ ಅವಳು ಮೆಟ್ಟಿಲು ಹತ್ತುವಾಗ ಕೆಳಗಿನ ಮನೆಗೆ ಬೀಗ ಹಾಕಿತ್ತು. ದಿನವೂ ಬಾಗಿಲ ಬಳಿ ಇರುತ್ತಿದ್ದ ದೊಡ್ಡ ದೊಡ್ಡ ಶೂಗಳು ಇರಲಿಲ್ಲ. ಭೂಮಿಕಾಳಿಗೆ ಅಳು ಬಂದ ಹಾಗಾಯಿತು. ಅಪ್ಪ ಬರ್ತೀನಿ ಎಂದಾಗ ಅಮ್ಮ ದಿನವೂ ಒಂದು ಉತ್ತರ ಹೇಳುತ್ತಾಳೆ. ಬಸ್ಸಿನಲ್ಲಿ ಕೂತಿದ್ದ ತಾನು ಅದನ್ನು ಹೇಳಿರಲೇ ಇಲ್ಲ.

ಯಾರಾದರೂ ಇದ್ದಾರೋ ಎಂದು ಆಚೀಚೆ ನೋಡಿದಳು.

"ಹೋಗಿ ಬನ್ನಿ, ಅಂಕಲ್" ಎಂದು ಬಾಗಿಲಿಗೆ ಮೆಲ್ಲಗೆ ಹೇಳಿ, ಎರಡೆರಡು ಮೆಟ್ಟಿಲು ಹಾರುತ್ತ ಮನೆಗೆ ಓಡಿದಳು.