ಲೋಳೆ ಹೆಚ್ಚಿದ ಮಡು

ಮಡುವಿನ ನಡುವಿನ ಬಂಡೆಗೆ ಬಿಗಿದಿದ್ದ ಮೊಳದುದ್ದದ ಉಕ್ಕಿನ ಕೊಳವೆ ಬೆಳಗಿನ ಏಳಕ್ಕೆ ಸರಿಯಾಗಿ ಒಂದು ಗುಟುಕು ನೀರು ಎಳೆದುಕೊಂಡಿತು. ನಾಲ್ಕು ನಿಮಿಷದ ಬಳಿಕ ದಡದ ಡೇರೆಯೊಳಗಿನ ಪರದೆಯ ಮೇಲೆ ಹಸಿರು ಅಂಕಿ ಮೂಡಿತು: ಬಿಳಿಮೀನು, ಏಳುನೂರ ನಲವತ್ತು. ವಿಜ್ಞಾನಿ ತನುಜಾ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದಳು. ಹಿಂದಿನ ವಾರ ಇಲ್ಲಿ ಇದ್ದದ್ದು ಮುನ್ನೂರ ಹತ್ತು.

ಆ ಯಂತ್ರ ಅವಳ ಹನ್ನೊಂದು ವರ್ಷದ ದುಡಿಮೆ. ಮೀನು ಈಜುವಾಗ ಮೈಯ ಲೋಳೆಯನ್ನೂ ಹುರುಪೆಯ ಚೂರನ್ನೂ ನೀರಿನಲ್ಲಿ ಬಿಟ್ಟುಹೋಗುತ್ತದೆ. ಅದರಲ್ಲಿ ಡಿಎನ್‌ಎ, ಅಂದರೆ ಆಯಾ ಜೀವಿಯ ಗುರುತು ಹೊತ್ತ ಎಳೆ, ಉಳಿದಿರುತ್ತದೆ. ಕೊಳವೆ ಅದನ್ನು ಓದಿ ಯಾವ ಮೀನು, ಎಷ್ಟು ಎಂದು ಹೇಳುತ್ತಿತ್ತು. ಬಲೆ ಬೀಸಬೇಕಿಲ್ಲ, ಒಂದು ಮೀನನ್ನೂ ಮುಟ್ಟಬೇಕಿಲ್ಲ.

ಅದಕ್ಕೆ ಮೊದಲು ಎಣಿಕೆ ಗಾಳದವರದಾಗಿತ್ತು. ಪರವಾನಗಿಯ ಬಿಲ್ಲೆ ಪಡೆದ ಇಪ್ಪತ್ತೆರಡು ಜನ ಸರದಿಯ ಮೇಲೆ ಈ ಮಡುವಿನ ದಡದಲ್ಲಿ ಗಾಳ ಹಾಕಿ ಕೂತು, ಸಿಕ್ಕಿದ ಬಿಳಿಮೀನನ್ನು ಅಳೆದು, ಬರೆದಿಟ್ಟು, ನೀರಿಗೇ ಬಿಡುತ್ತಿದ್ದರು. ಯಂತ್ರವಿರುವಾಗ ಮೀನಿನ ಬಾಯಿಗೆ ಕೊಕ್ಕೆ ಚುಚ್ಚುವುದೇಕೆ ಎಂದು ತನುಜಾಳೇ ವರದಿ ಬರೆದಳು. ತಿಂಗಳ ಹಿಂದೆ ಒಂಬತ್ತು ನದಿಗಳ ದಡದಿಂದ ಗಾಳದವರನ್ನು ಎಬ್ಬಿಸಲಾಯಿತು. ಅದು ತಾತ್ಕಾಲಿಕ ಆಜ್ಞೆ. ಇವತ್ತು ಮಧ್ಯಾಹ್ನದೊಳಗೆ ಅವಳ ಅಂಕಿ ರಾಜಧಾನಿ ತಲುಪಿದರೆ ಕಾಯಂ ಆಗುತ್ತಿತ್ತು.

ಬಿಲ್ಲೆ ಒಪ್ಪಿಸಲು ಬೆಸ್ತರ ಕಪನಯ್ಯ ಬಂದ. ಎಪ್ಪತ್ತರ ಹತ್ತಿರದ ವಯಸ್ಸು. ಎಡಗೈಯಲ್ಲಿ ಎರಡು ಬೆರಳಿಲ್ಲ.

"ತಕೊಳ್ಳಿ ತಾಯಿ. ಮೂವತ್ತು ವರ್ಸ ಎದೆ ಮೇಲಿತ್ತು. ಇನ್ನು ಮನೇಲಿ ಕೂತ್ಕಂಡು ನಮ್ಮವಳ ಬಾಯಿಗೆ ಸಿಕ್ಕಾಕ್ಕೋಬೇಕು. ಬಿಳಿಮೀನೇ ವಾಸಿ, ಅದು ಬೈತಿರ್ಲಿಲ್ಲ."

"ಬೇಜಾರು ಮಾಡ್ಕೋಬೇಡಿ ಕಪನಯ್ಯನೋರೇ. ಇಲ್ಲಿ ನೋಡಿ, ನೀವು ಎದ್ದುಹೋದ ಮೇಲೆ ಮೀನು ಎರಡರಷ್ಟಾಗಿದೆ."

ಅವನು ಪರದೆ ನೋಡಲಿಲ್ಲ, ಹೊಳೆ ನೋಡಿದ. "ಎಷ್ಟು ದಿನಕ್ಕೆ?"

"ಒಂದು ವಾರಕ್ಕೆ."

"ಅದು ಮೊಟ್ಟೆ ಇಕ್ಕೋದು ಮಳೆಗಾಲ್ದಲ್ಲಿ. ಇದು ಮಾಘ ಮಾಸ. ಎಲ್ಲಿಂದ ಬಂದ್ವು, ಬಸ್ಸು ಹತ್ಕಂಡಾ?"

"ಮೇಲಿನ ಮಡುವಿನಿಂದ ಇಳಿದಿರಬಹುದು," ಎಂದಳು ತನುಜಾ. ಹೇಳಿದ ಮಾತು ಅವಳಿಗೇ ಒಗ್ಗಲಿಲ್ಲ. ಬೆಳಗಿನಿಂದಲೂ ಆ ಅಂಕಿ ಕಣ್ಣಿಗೆ ಬಿದ್ದ ಮರಳಿನಂತೆ ಒತ್ತುತ್ತಿತ್ತು.

"ನಿಮ್ಮ ಕೊಳವೆ ಎಣಿಸೋದೆಂಗೆ?"

"ನೀರಲ್ಲಿರೋ ಲೋಳೆಯಿಂದ. ಲೋಳೆ ಹೆಚ್ಚಿದ್ದರೆ ಮೀನು ಹೆಚ್ಚು."

ಕಪನಯ್ಯ ಚಪ್ಪಲಿ ಬಿಟ್ಟು ನೀರಿಗಿಳಿದ. ಅಭ್ಯಾಸಬಲದಿಂದ ಎರಡೂ ಕೈ ಅದ್ದಿದ. ಗಾಳದವರ ಮೊದಲ ಪಾಠ ಅದು. ಮೀನು ಮುಟ್ಟುವ ಮುಂಚೆ ಕೈ ತೋಯಿಸಿಕೊಳ್ಳಬೇಕು. ಒಣಗೈ ಮೈಮೇಲಿನ ಲೋಳೆ ಕೀಳುತ್ತದೆ, ಲೋಳೆ ಹೋದ ಮೀನಿಗೆ ಬೂಸಲು ಹಿಡಿಯುತ್ತದೆ.

"ಸುಖವಾಗಿರೋ ಮೀನು ಇಷ್ಟೊಂದು ಲೋಳೆ ಕಳಕೊಳ್ಳಲ್ಲ ಕಣವ್ವಾ," ಎಂದ. ಬಹುವಚನ ಎಲ್ಲೋ ಬಿದ್ದುಹೋಗಿತ್ತು. "ತೆಪ್ಪ ಹತ್ತು."

ಮಡುವಿನ ನಡುವೆ ಅವನು ಸೀಸದ ಗುಂಡು ಕಟ್ಟಿದ ಕೊಕ್ಕೆಯನ್ನು ತಳಕ್ಕಿಳಿಸಿ ಎಳೆದ. ಎರಡು ಸಲ ಬರೀ ಕಸ ಬಂತು. ಮೂರನೆಯ ಸಲ ಭಾರ ಸಿಕ್ಕಿತು. ತೆಪ್ಪದ ಅಂಚಿಗೆ ಬಂದದ್ದು ತೊಡೆ ಗಾತ್ರದ ಬಿಳಿಮೀನು. ಹುರುಪೆ ಅರ್ಧ ಉದುರಿತ್ತು. ಒತ್ತಿದರೆ ಹೊಟ್ಟೆ ಮೆತ್ತಗೆ ಒಳಗೆ ಹೋಗುತ್ತಿತ್ತು.

"ಸಿಡಿಮದ್ದು ಎಸೆದವ್ರೆ. ಹೊಟ್ಟೇಲಿರೋ ಗಾಳಿಚೀಲ ಒಡೆದ್ರೆ ಮೀನು ತಳ ಹಿಡೀತದೆ. ತೇಲಿದ್ದ ನಾಕು ಎತ್ಕಂಡು ಹೋದ್ರು, ಮಿಕ್ಕಿದ್ದೆಲ್ಲ ಕೆಳಗೆ ಕೊಳೀತಾ ಲೋಳೆ ಬಿಡ್ತಾ ಅವೆ." ಎಡಗೈ ಮುಂದೆ ಹಿಡಿದ. "ನಂಗೊತ್ತು. ಪ್ರಾಯದಲ್ಲಿ ನಾನೂ ಎಸೆದೋನೇ."

"ಆದರೆ ಕೊಳವೆ ಇಲ್ಲೇ ಇತ್ತಲ್ಲ..."

"ಅದಕ್ಕೆ ಕಿವಿ ಐತಾ? ನಾವು ಕೂತಿದ್ರೆ ಅವರು ಈ ಕಡೆ ತಲೆ ಹಾಕ್ತಿರ್ಲಿಲ್ಲ. ನಾವೇನು ಧರ್ಮಾತ್ಮರಲ್ಲವ್ವಾ. ನಾನು ಹಿಡಿಯೋ ಮೀನು ಇನ್ನೊಬ್ಬ ಹೊಡ್ಕಂಡು ಹೋಗ್ತಾನೆ ಅನ್ನೋ ಹೊಟ್ಟೆಕಿಚ್ಚು, ಅಷ್ಟೇಯ."

ತನುಜಾ ಮೀನಿನತ್ತ ಕೈ ಚಾಚಿದವಳು ತಡೆದು, ಮೊದಲು ನೀರಿಗದ್ದಿಕೊಂಡಳು. ಅದರಿಂದ ಆ ಮೀನಿಗೆ ಇನ್ನೇನೂ ಆಗಬೇಕಿರಲಿಲ್ಲ.

ದಡಕ್ಕೆ ಬಂದಾಗ ಹನ್ನೊಂದು ದಾಟಿತ್ತು. ಪರದೆ ಎಂಟುನೂರ ಐದು ತೋರಿಸುತ್ತಿತ್ತು. ಅವಳು ಅಂಕಿ ಕಳಿಸಲಿಲ್ಲ. ಒಂಬತ್ತು ನದಿಗಳ ನಕ್ಷೆ ತೆರೆದಳು. ಏಳು ಕಡೆ ಹಸಿರು ಗೆರೆ ಮೇಲೇರಿತ್ತು. ಹೋದ ವಾರ ಇದೇ ನಕ್ಷೆ ತೋರಿಸಿ ಕಚೇರಿಗೆಲ್ಲ ಸಿಹಿ ಹಂಚಿದ್ದಳು. ಯಾವ ಏರಿಕೆ ಮರಿಗಳದು, ಯಾವುದು ಸಾವಿನದು, ಕೊಳವೆ ಹೇಳಲಾರದು. ಮೂವತ್ತು ನಲವತ್ತು ವರ್ಷಗಳ ಹಿಂದೆ, ತಾನಿನ್ನೂ ಶಾಲೆಗೆ ಹೋಗುತ್ತಿದ್ದಾಗ, ಬೇರೆ ಯಾವುದೋ ಲೆಕ್ಕದ ಇಂಥ ಏರುಗೆರೆಯನ್ನು ಕಚೇರಿಯಲ್ಲೇ ಕೂತು ನೋಡಿ ನೆಮ್ಮದಿಪಟ್ಟವರಲ್ಲಿ ಎಷ್ಟು ಜನ ಎದ್ದು ದಡದವರೆಗೆ ಹೋಗಿದ್ದರೋ ಎಂದುಕೊಂಡಳು.

ಅಲ್ಲೂ ಮಡುವಿನ ತಳ ನೋಡಿಸಬೇಕೆಂದು ಮೊದಲ ನದಿಯ ಗಾಳದವರ ಶೆಡ್ಡಿಗೆ ಫೋನ್ ಹಚ್ಚಿದಳು. ರಿಂಗಾಯಿತು, ಯಾರೂ ಎತ್ತಲಿಲ್ಲ. ಎರಡನೆಯದಕ್ಕೆ ಹಚ್ಚಿದಳು. ಮೂರನೆಯದಕ್ಕೆ.

ಕಪನಯ್ಯ ಮೇಜಿನ ಮೇಲಿದ್ದ ಬಿಲ್ಲೆ ಎತ್ತಿಕೊಂಡು ಅಂಗಿಗೆ ಸಿಕ್ಕಿಸಿಕೊಳ್ಳುತ್ತಿದ್ದ.

"ಯಾರು ಎತ್ತಾರವ್ವಾ," ಎಂದ. "ಎಲ್ಲರನ್ನೂ ಎಬ್ಬಿಸಿ ಕಳಿಸಿದೀಯಲ್ಲ."

ಅವಳು ನಾಲ್ಕನೆಯ ನದಿಯ ಸಂಖ್ಯೆ ಒತ್ತಿದಳು.