ಕೂಸು ಬಿಟ್ಟು ಕತ್ತರಿಸಿದ ಫೋಟೋ

೨೦೨೩ರ ಅಕ್ಟೋಬರ್ ೧೪, ಶನಿವಾರ, ಬೆಳಿಗ್ಗೆ ೧೦.೨೦. ಎಪ್ಪತ್ತೆಂಟರ ಇಂಗ್ಲಿಷ್ ಮುದುಕಿ ವಿನಿಫ್ರೆಡ್ ಹಳೇ ಆಲ್ಬಮ್ಮನ್ನು ಅವಚಿಕೊಂಡು ಸುರಪುರ ಠಾಣೆಗೆ ಬಂದಳು. ಅವಳ ಮಾತು ತಿಳಿಸಲು ಲಾಡ್ಜ್ ಮ್ಯಾನೇಜರ್ ಅತೀಕ ಜೊತೆಗಿದ್ದ. ನಿನ್ನೆ ರೂಮಿನಲ್ಲಿ ಯಾರೋ ಒಂದು ಫೋಟೋ ಕತ್ತರಿಸಿಕೊಂಡು ಹೋಗಿದ್ದಾರೆಂದು ದೂರು. ಎಫ್‌ಐಆರ್ ಆಯಿತು.

ಪಿಎಸ್‌ಐ ಅಮರಪ್ಪ ಹಾಳೆ ತಿರುವಿದ. ಮುದುಕಿಯ ಅಪ್ಪ ನಿಜಾಮರ ಕಾಲದಲ್ಲಿ ಸುರಪುರದಲ್ಲಿದ್ದು, ೧೯೩೮ರಲ್ಲಿ ಆಫ್ರಿಕದ ರೊಡೇಶಿಯಕ್ಕೆ ಹೋಗಿ, ಅಲ್ಲಿಯ ಜನರನ್ನು ಒಕ್ಕಲೆಬ್ಬಿಸಿದ ನೆಲದಲ್ಲಿ ತಂಬಾಕು ಬೆಳೆದವನು. ಫೋಟೋಗಳಲ್ಲಿ ಜಗಲಿಯ ಮೇಲೆ ಚಹಾ, ಬಂದೂಕು, ಕುದುರೆ. ಎಲ್ಲರ ಹೆಸರೂ ಶಾಯಿಯಲ್ಲಿ. ನಾಯಿಯದೂ ಇತ್ತು: ರೆಕ್ಸ್. ಕತ್ತರಿಸಿದ ಫೋಟೋದ ಕೆಳಗೆ ಮಾತ್ರ ‘ವಿನಿಫ್ರೆಡ್, ಆಯಾ ಜೊತೆ’ ಎಂದಿತ್ತು. ಆಯಾ ಇದ್ದ ಕಡೆ ತೂತು. ಆಕೆ ಎತ್ತಿಕೊಂಡಿದ್ದ ಕೂಸಿಗೆ ಕತ್ತರಿ ತಾಗಿರಲಿಲ್ಲ.

“ಆಯಾನ ಹೆಸರೇನಂತ?”

“ನೆನಪಿಲ್ಲಂತ್ರಿ ಸಾಹೇಬ್ರ. ದೇವಾಪುರದಾಕಿ ಅನ್ನೋದಷ್ಟ ಗೊತ್ತಂತ.”

ಎದೆಗವಚಿ ಬೆಳೆಸಿದವಳ ಹೆಸರಿಲ್ಲ, ನಾಯಿಯದಿದೆ. ಅಮರಪ್ಪನ ಮೈ ಉರಿಯಿತು.

“ಇದನ್ನ ಮತ್ಯಾರು ನೋಡ್ಯಾರ?”

“ಕಸ ಹೊಡಿಯೋ ತಿಮ್ಮವ್ವರಿ. ಮೊಬೈಲ್‌ನ್ಯಾಗ ಒಂದ್ ಫೋಟೋ ಹೊಡ್ಕೋತೀನಂತ ಕೈ ಮುಗಿದ್ಲು. ಅಪ್ಪನ ಮ್ಯಾಲ ಬರಿಯಾಕತ್ತಿರೋ ಪುಸ್ತಕ ಅಚ್ಚಾಗೋತನ ಯಾರಿಗೂ ಇಲ್ಲ ಅಂದ್ರು ಮೇಡಂ. ಇವತ್ತ ಆಕಿ ರಜಾ ಹಾಕ್ಯಾಳ.”

ಅಂದು ಮಹಾಲಯ ಅಮಾವಾಸ್ಯೆ. ಅಮರಪ್ಪನೂ ಮನೆಯಲ್ಲಿ ಹಿರಿಯರ ಫೋಟೋಕ್ಕೆ ಎಡೆ ಹಿಡಿದೇ ಬಂದಿದ್ದ.

“ದಾನೇಶ್ವರಿ, ಫ್ರೇಮ್ ಹಾಕೋ ಅಂಗಡಿಗೆ ನಡಿ,” ಎಂದು ಮಹಿಳಾ ಪೇದೆಯನ್ನು ಕರೆದ.

೧೧.೩೫. ಅಂಗಡಿಯ ಮುಜಫರ ಒಪ್ಪಿಕೊಂಡ. “ನಿನ್ನಿ ಸಂಜಿಕ ತಿಮ್ಮವ್ವ ಬಂದಿದ್ಲರಿ. ಬೆರಳಷ್ಟ ಫೋಟೋ, ಮೊಳದಷ್ಟ ಫ್ರೇಮ್ ಬೇಕಂದ್ಲು. ಯಾವೂರ ಮಹಾರಾಣಿಬೇ ಇಕಿ ಅಂತ ಮಜಾಕ್ ಮಾಡ್ದೆ. ನಗಲಿಲ್ಲರಿ.”

೧೨.೫೦, ದೇವಾಪುರದ ತಿಮ್ಮವ್ವನ ಮನೆ. ಆಕೆ ಓಡಲಿಲ್ಲ. ಗೋಡೆಯ ಫ್ರೇಮಿಗೆ ಚೆಂಡುಹೂವಿನ ಹಾರ, ಮುಂದೆ ಹೋಳಿಗೆಯ ಎಡೆ.

“ಯಾಕ ಕದ್ದಿ?”

“ಕದ್ದಿಲ್ರಿ. ಇಕಿ ಮೌನಮ್ಮ, ನಮ್ಮವ್ವನ ಹಡದವ್ವ. ನಮ್ಮವ್ವ ಮೂರು ವರ್ಷದ ಕೂಸಿದ್ದಾಗ ಇಕಿನ ಹಡಗ ಹತ್ತಿಸಿದ್ರು. ತಿರುಗಿ ಬರಲಿಲ್ಲ. ನಮ್ಮವ್ವ ಸಾಯೋತನ ಆಕಿ ಮಾರಿ ಹ್ಯಾಂಗಿತ್ತಂತ ಕೇಳ್ಕೋತ ಇದ್ಲು. ಆಲ್ಬಂನ್ಯಾಗ ನೋಡಿದ್ರ, ನಮ್ಮವ್ವಂದ ಮಾರಿ.”

ಅಮರಪ್ಪ ಫ್ರೇಮಿನ ಹತ್ತಿರ ಬಾಗಿ ನೋಡಿದ.

“ಅವರ ಕೂಸು ಅವರಿಗೇ ಬಿಟ್ಟೀನ್ರಿ. ನಮ್ಮಾಕಿನ ಅಷ್ಟ ತಂದೀನಿ.”

ದಾನೇಶ್ವರಿ ಫ್ರೇಮಿಗೆ ಕೈ ಹಾಕಿದಳು.

“ಒಂದ್ ಗಳಿಗಿ ತಡೀಬೇ ತಂಗಿ. ಆಕಿ ಇನ್ನಾ ಉಂಡಿಲ್ಲ.”

ಇಪ್ಪತ್ತು ನಿಮಿಷ ಎಲ್ಲರೂ ಹೊಸ್ತಿಲಾಚೆ ನಿಂತರು. ೧.೧೫ಕ್ಕೆ ಪಂಚನಾಮೆ, ೧.೪೦ಕ್ಕೆ ಬಂಧನ. ಫೋಟೋ ಲಕೋಟೆ ಸೇರಿತು, ಅರಗಿನ ಮುದ್ರೆ ಬಿತ್ತು. ಜಪ್ತಿ ಪಟ್ಟಿಯಲ್ಲಿ ದಾನೇಶ್ವರಿ ‘ಆಯಾ’ ಎಂದು ಬರೆದಿದ್ದಳು. ಅಮರಪ್ಪ ಅದನ್ನು ಹೊಡೆದುಹಾಕಿ ಹೆಸರು ಬರೆದ. ಮುಂದಿನ ಕಾಲಮ್ಮನ್ನು ತಿದ್ದುವ ಅಧಿಕಾರ ಅವನಿಗಿರಲಿಲ್ಲ.

ಸ್ವತ್ತು: ಮೌನಮ್ಮ. ಮಾಲೀಕರು: ವಿನಿಫ್ರೆಡ್.